ಗಂಗವ್ವ ಬರೂತನಕ

ನಮ್ಮ ಮನೆಯಲ್ಲಿ ಎರಡು ನೀರಿದ್ದವು. ಒಂದು ನಳದ ನೀರು, ಇನ್ನೊಂದು ಅಜ್ಜಿಯ ನೀರು. ನಳದ ನೀರನ್ನು ಅಪ್ಪ, ಅವ್ವ, ನಾನು ಕುಡಿಯುತ್ತಿದ್ದೆವು. ಅಜ್ಜಿಯ ನೀರು ಅಡುಗೆಮನೆಯ ಮೂಲೆಯಲ್ಲಿ, ಮಣೆಯ ಮೇಲೆ, ಎರಡು ತಾಮ್ರದ ಕೊಡಗಳಲ್ಲಿ ಬಿಳಿ ಬಟ್ಟೆ ಮುಚ್ಚಿಕೊಂಡು ಕುಳಿತಿರುತ್ತಿತ್ತು. ಸ್ನಾನ ಮಾಡದೆ ಅದನ್ನು ಮುಟ್ಟುವಂತಿರಲಿಲ್ಲ. ಸ್ನಾನ ಮಾಡಿದ ಮೇಲೂ ನಾನು ಮುಟ್ಟುವಂತಿರಲಿಲ್ಲ, ಏಕೆಂದರೆ ಬಚ್ಚಲಿನಿಂದ ಅಡುಗೆಮನೆಗೆ ಬರುವಷ್ಟರಲ್ಲಿ ನಾನು ಏನನ್ನೆಲ್ಲ ಮುಟ್ಟಿ ಬಂದಿರುತ್ತೇನೆಂದು ಅಜ್ಜಿಗೆ ಅನುಮಾನ. ಇಂಥ ಮನೆಗಳು ಆಗ ಬೇಕಾದಷ್ಟಿದ್ದವು. ವಿಶೇಷವಿದ್ದದ್ದು ನಮ್ಮ ಮನೆ ಇದ್ದ ಜಾಗದಲ್ಲಿ. ಪುಣೆಯ ಅಂಚಿನಲ್ಲಿ, ದೇಹೂ ರೋಡಿನ ಕಡೆಗೆ ಹೋಗುವ ರಸ್ತೆಯ ಬದಿಗೆ, ನೀರು ಶುದ್ಧ ಮಾಡುವ ಕೇಂದ್ರದ ಕಾಂಪೌಂಡಿನೊಳಗೇ ನಮ್ಮ ಕ್ವಾರ್ಟರ್ಸು. ಅಪ್ಪ ಅಲ್ಲಿ ಕೆಮಿಸ್ಟ್. ಸುತ್ತಲಿನ ಸಾವಿರಾರು ಮನೆಗಳಿಗೆ ಹೋಗುವ ನೀರು ಮೊದಲು ಅಪ್ಪನ ಗಾಜಿನ ನಳಿಗೆಯಲ್ಲಿ ನಿಂತು, ಸೈ ಅನ್ನಿಸಿಕೊಂಡು ಹೋಗಬೇಕಿತ್ತು. ಅಂಥ ಅಪ್ಪ ದಿನಾ ಬೆಳಿಗ್ಗೆ ಒದ್ದೆ ಪಂಚೆ ಉಟ್ಟು, ಸೈಕಲ್ಲಿನ ಎರಡೂ ಬದಿಗೆ ಕೊಡ ಕಟ್ಟಿಕೊಂಡು, ಹೆದ್ದಾರಿ ದಾಟಿ, ಒಬ್ಬ ರೈತನ ತೋಟದ ಬಾವಿಯಿಂದ ತನ್ನ ತಾಯಿಗೆ ನೀರು ತರುತ್ತಿದ್ದ. ಊರಿಗೆಲ್ಲ ನೀರು ಕುಡಿಸುವವನ ಮನೆಯಲ್ಲಿ ಅವನ ನೀರನ್ನು ಅವನ ತಾಯಿಯೇ ಕುಡಿಯುತ್ತಿರಲಿಲ್ಲ.

ಅಜ್ಜಿ ಗೋಕಾಕದ ಕಡೆಯವಳು. ಹೊಳೆಯ ದಂಡೆಯ ಮನೆಯಲ್ಲಿ ಹುಟ್ಟಿ, ಹೊಳೆಯ ದಂಡೆಯ ಇನ್ನೊಂದು ಮನೆಗೆ ಸೊಸೆಯಾಗಿ ಹೋದವಳು. ನಳದ ಮೇಲೆ ಅವಳಿಗೆ ಇದ್ದ ಆಕ್ಷೇಪಣೆಗಳು ಒಂದೆರಡಲ್ಲ. ನಳದೊಳಗೆ ತೊಗಲಿನ ಬಿಲ್ಲೆ ಇರುತ್ತದೆ ಎನ್ನುವುದು ಮೊದಲನೆಯದು. ಅಪ್ಪ ಒಂದು ನಳವನ್ನು ಬಿಚ್ಚಿ, ಒಳಗಿನ ರಬ್ಬರಿನ ಬಿಲ್ಲೆಯನ್ನು ಅಂಗೈಯ ಮೇಲಿಟ್ಟು ತೋರಿಸಿದ. ಅಜ್ಜಿ ಅದನ್ನು ದೂರದಿಂದಲೇ ನೋಡಿ, "ರಬ್ಬರ್ ಅಂದ್ರೇನು, ತೊಗಲಿನ ತಮ್ಮನ ಹೌದಲ್ಲೊ" ಎಂದಳು. ಎರಡನೆಯದು ಔಷಧದ ವಾಸನೆ. ಮೂರನೆಯದನ್ನು ಅವಳು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಯಾರ್ಯಾರ ಕೈಯೋ ಮುಟ್ಟಿದ ನೀರು ಎಂಬ ಅದು, ಸರಳವಾಗಿ ಹೇಳಬೇಕೆಂದರೆ, ಜಾತಿಯ ಮಾತು. ಆಗ ನನಗೆ ಅದು ಕಾಣಲಿಲ್ಲ. ಕಾಲೇಜಿಗೆ ಹೋದ ಮೇಲೆ ಕಂಡಿತು, ಕಂಡಮೇಲೆ ಸ್ವಲ್ಪ ಕಾಲ ಅಜ್ಜಿಯ ನೆನಪೇ ಬೇಡವಾಗಿತ್ತು. ಈಗ ಬರೆಯಲು ಕುಳಿತಾಗ ಅವಳ ಪಕ್ಕದಲ್ಲಿ ಮಲಗುತ್ತಿದ್ದ ಹುಡುಗಿಯೂ, ಅವಳನ್ನು ದೂರವಿಟ್ಟ ವಿದ್ಯಾರ್ಥಿನಿಯೂ ಇಬ್ಬರೂ ಪೆನ್ನಿಗೆ ಕೈ ಹಾಕುತ್ತಾರೆ. ನನ್ನ ದಿನಚರಿಗಳು ಶುರುವಾಗುವುದು ಕಾಲೇಜಿನ ದಿನಗಳಿಂದ. ಈ ಅಧ್ಯಾಯದ ದಿನಗಳಿಗೆ ನನ್ನ ತಲೆಯೊಂದೇ ಆಧಾರ, ಮತ್ತು ನನ್ನ ತಲೆಯನ್ನು ನಾನು ಅಷ್ಟಾಗಿ ನಂಬುವವಳಲ್ಲ. ಆದರೂ ಆ ಒಂದು ದಿನವನ್ನು ನೆನೆದರೆ ಈಗಲೂ ಕಾಲುಗಳು ಕುಣಿಯುತ್ತವೆ. ಅದನ್ನು ಬರೆಯದಿರಲಾರೆ.

ಆ ವರ್ಷ ಮಳೆಗಾಲ ಶುರುವಾಗುವಾಗ ನನಗೆ ತಂಗಿ ಹುಟ್ಟಿದಳು. ಉಷಾ. ಅವ್ವ ಒಳಕೋಣೆಯಲ್ಲಿ ಬಾಣಂತನಕ್ಕೆ ಕುಳಿತಳು. ಮನೆಯೆಲ್ಲ ಓಂಕಾಳಿನ ಹೊಗೆ, ಬೆಳ್ಳುಳ್ಳಿಯ ವಾಸನೆ, ಅಂಟಿನುಂಡಿಯ ತುಪ್ಪ. ಅಡುಗೆಮನೆ ಪೂರ್ತಿ ಅಜ್ಜಿಯ ಕೈಗೆ ಹೋಯಿತು. ಬಾಣಂತಿ ಮತ್ತೆ ಅಡುಗೆಮನೆ ಹೊಗಬೇಕಾದರೆ ಗಂಗಿ ಪೂಜೆ ಆಗಬೇಕು, ಅದು ನಮ್ಮ ಮನೆಯ ಪದ್ಧತಿ. ಬಾಣಂತಿ ಬಾವಿಗೋ ಹೊಳೆಗೋ ಹೋಗಿ, ಅರಿಷಿಣ ಕುಂಕುಮ ಏರಿಸಿ, ಉಡಿ ತುಂಬಿ, ಪೂಜಿಸಿದ ಆ ನೀರನ್ನೇ ಕೊಡದಲ್ಲಿ ತುಂಬಿ ಸೊಂಟದ ಮೇಲೆ ಇಟ್ಟುಕೊಂಡು ಮನೆಗೆ ತರಬೇಕು. ಆ ಕೊಡದ ಮೊದಲ ಹನಿಗಳನ್ನು ದೇವರ ಮುಂದೆ ಕೂಸಿನ ನಾಲಗೆಗೆ ಮುಟ್ಟಿಸಬೇಕು. ನನಗೂ ಹಾಗೆ ಮುಟ್ಟಿಸಿದ್ದರಂತೆ, ಗೋಕಾಕದಲ್ಲಿ, ಹೊಳೆಯ ನೀರು. ಉಷಾಳಿಗೆ ತೋಟದ ಬಾವಿಯ ನೀರು ಎಂದು ಅಜ್ಜಿ ಮನಸ್ಸಿನಲ್ಲೇ ಗೊತ್ತು ಮಾಡಿಕೊಂಡಿದ್ದಳು. ಒಂದು ಬೆಳಿಗ್ಗೆ ಅಪ್ಪ ಬಾವಿಯಿಂದ ಖಾಲಿ ಕೊಡಗಳನ್ನೇ ಹೊತ್ತು ಬಂದು ಕಟ್ಟೆಯ ಮೇಲಿಟ್ಟ.

"ಇವತ್ತಿನಿಂದ ಆ ಬಾವಿ ನೀರು ಬ್ಯಾಡವ್ವಾ. ತೋಟದ ಮನಿ ಹುಡುಗ್ರಿಗೆಲ್ಲಾ ವಾಂತಿ ಭೇದಿ ಹತ್ತ್ಯಾವ. ನಿನ್ನೆ ಆ ನೀರು ತಂದು ನೋಡೇನಿ. ಛಲೋ ಇಲ್ಲ."

"ಇಷ್ಟ ದಿನಾ ಛಲೋ ಇತ್ತು, ಇವತ್ತ ಕೆಟ್ಟತೇನು?"

"ಮಳಿ ನೀರು ಒಳಗ ಹೊಕ್ಕದ. ನಿನಗ ಕಾಯಿಸಿ ಆರಿಸಿ ಕೊಡತೇನಿ. ಆದ್ರ ಕೂಸಿನ ಬಾಯಿಗೆ ಹಸಿ ನೀರು ಒಂದ ಹನಿ ಸುದ್ದಾ ಬ್ಯಾಡ."

"ಕಾಯಿಸಿದ ನೀರು ಗಂಗಿ ಆಗತಾಳೇನೋ? ಗಂಗವ್ವನ್ನ ಒಲಿ ಮ್ಯಾಲ ಇಡತೀಯೇನು?"

"ಹಂಗಾರ ನಳಕ್ಕ ಪೂಜಿ ಮಾಡ್ರಿ. ಮನಿಯಾಗ ಅದ."

"ನಳಕ್ಕ ಕುಂಕುಮ ಹಚ್ಚಲೇನು! ನಳಕ್ಕ ಉಡಿ ತುಂಬಲೇನು! ಕಲ್ತವರ ಮಾತು ಕೇಳ್ರಿ."

ಅಂದು ಮಧ್ಯಾಹ್ನ ಅಜ್ಜಿ ತನ್ನ ಹಸಿರು ಟ್ರಂಕನ್ನು ಪಡಸಾಲೆಗೆ ಎಳೆದು ತಂದು, ಸೀರೆಗಳನ್ನು ಒಂದೊಂದಾಗಿ ಮಡಚಿ ಇಡತೊಡಗಿದಳು. ಗೋಕಾಕಕ್ಕೆ ಹೋಗುತ್ತೇನೆ, ಅಲ್ಲಿ ಹೊಳೆ ಇದೆ, ನನ್ನ ಮೊಮ್ಮಗಳಿಗೆ ಗಂಗಿ ಇಲ್ಲದ ಮನೆಯಲ್ಲಿ ನನಗೇನು ಕೆಲಸ, ಎಂದು ಯಾರಿಗೂ ಹೇಳದವಳಂತೆ ಎಲ್ಲರಿಗೂ ಕೇಳುವಂತೆ ಹೇಳಿದಳು. ನಾನು ಅವಳು ಇಟ್ಟ ಸೀರೆಗಳನ್ನು ಒಂದೊಂದಾಗಿ ಹೊರಗೆ ತೆಗೆಯುತ್ತಿದ್ದೆ. ಅವಳು ಮತ್ತೆ ಇಡುತ್ತಿದ್ದಳು. ಅವ್ವ ಒಳಕೋಣೆಯ ಬಾಗಿಲಲ್ಲಿ ಕೂಸನ್ನೆತ್ತಿಕೊಂಡು ನಿಂತು, ಒಂದು ಸಲ ಅತ್ತೆಯ ಕಡೆ, ಒಂದು ಸಲ ಗಂಡನ ಕಡೆ ನೋಡುತ್ತಿದ್ದಳು. ಅವಳ ಸಂಕಟ ನನಗೆ ಆಮೇಲೆ ಅರ್ಥವಾಯಿತು: ಗಂಡನ ಮಾತು ನಡೆದರೆ ಅತ್ತೆ ಹೋಗುತ್ತಾಳೆ, ಅತ್ತೆಯ ಮಾತು ನಡೆದರೆ ಆ ನೀರು ಕೂಸಿನ ಬಾಯಿಗೆ ಹೋಗುತ್ತದೆ. ಅವ್ವ ಎಂದೂ ಇಬ್ಬರ ನಡುವೆ ಮಾತಾಡಿದವಳಲ್ಲ. ಅಂದು ಮಾತಾಡಿದಳು.

"ಅತ್ಯಾ, ಒಂದ ಮಾತು. ಇಲ್ಲಿಗೆ ನೀರು ಎಲ್ಲಿಂದ ಬರ್ತದ್ರಿ? ಅದೂ ಹೊಳೀದ ಹೌದಲ್ಲರಿ? ಡ್ಯಾಮಿನಿಂದ ದೊಡ್ಡ ಕೊಳವಿಯೊಳಗ ಬಂದು, ಇವ್ರ ಆಫೀಸಿನ ಮುಂದ ಧೋ ಅಂತ ಬೀಳ್ತದಂತ. ಅದಕ್ಕ ಇನ್ನೂ ಯಾವ ಔಷಧಾನೂ ಹಾಕಿರೂದಿಲ್ಲಂತ."

ಅಜ್ಜಿಯ ಕೈ ಸೀರೆಯ ಮೇಲೆ ನಿಂತಿತು.

"ಹೊಳೀ ನೀರು? ಹಂಗ ಬರ್ತದ? ಇಲ್ಲೆ?"

ಹೌದು, ಅಲ್ಲೇ. ನಮ್ಮ ಮನೆಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ. ತಂತಿ ಬೇಲಿಯ ಆಚೆ, ದಾಸವಾಳದ ಗಿಡಗಳ ಹಿಂದೆ ಹಗಲೂ ರಾತ್ರಿ ಕೇಳುತ್ತಿದ್ದ ಆ ಸದ್ದಿನ ಜೊತೆಗೇ ನಾವು ಉಂಡು ಮಲಗಿ ಬೆಳೆದದ್ದು. ಬೇಲಿಯ ಆಚೆ ಹೋಗುವುದು ನನಗೆ ನಿಷಿದ್ಧವಾಗಿತ್ತು. ಅಪ್ಪ ಮರುದಿನ ತನ್ನ ಸಾಹೇಬರನ್ನು ಕೇಳಿದ. ದಸರೆಗೆ ಪಂಪುಗಳಿಗೇ ಹೂ ಹಾರ ಹಾಕಿ ತೆಂಗಿನಕಾಯಿ ಒಡೆಯುತ್ತೇವಲ್ಲ, ಗಂಗೆಗೆ ಬೇಡ ಎನ್ನಲು ನಾನ್ಯಾರು, ಎಂದು ಅವರು ನಕ್ಕರಂತೆ. ಒಂದೇ ಷರತ್ತು: ನೀರು ಒಳಗೆ ಬರುವ ಕಡೆ ಏನು ಬೇಕಾದರೂ ಮಾಡಿ, ಹೊರಗೆ ಹೋಗುವ ಕಡೆ ಒಂದು ಹೂವಿನ ಎಸಳೂ ಬೀಳಕೂಡದು. ಅಪ್ಪನಿಗೆ ಆ ಷರತ್ತನ್ನು ಹೇಳಬೇಕಾಗಿಯೇ ಇರಲಿಲ್ಲ, ಅದು ಅವನದೇ ಮಾತು. ಮನೆಗೆ ಬಂದು ತನ್ನ ಷರತ್ತನ್ನೂ ಸೇರಿಸಿದ: ಪೂಜೆ ಆ ತುದಿಗೆ, ಕೊಡ ತುಂಬುವುದು ಈ ತುದಿಗೆ, ಶುದ್ಧವಾದ ಮೇಲೆ.

"ಪೂಜಿ ಮಾಡಿದ ನೀರು ಒಂದು, ತುಂಬೂ ನೀರು ಒಂದು. ಇದ್ಯಾವ ಪದ್ಧತಿ?" ಎಂದಳು ಅಜ್ಜಿ.

"ಎರಡೂ ಒಂದ ನೀರವ್ವಾ. ಅದ ನೀರು ಹರಕೋತ ಬರ್ತದ."

"ಅದ ನೀರು? ಖರೆ?"

"ಖರೆ. ಆದ್ರ ಹೊತ್ತು ಹಿಡೀತದ. ಮುಂಜಾನೆ ಆ ತುದಿಗೆ ಬಂದದ್ದು ಈ ತುದಿ ಮುಟ್ಟೂದು ಮಧ್ಯಾಹ್ನ ಆಗ್ತದ."

ಅಜ್ಜಿ ಟ್ರಂಕಿನ ಮುಚ್ಚಳ ಹಾಕಿದಳು. ಟ್ರಂಕು ಮಾತ್ರ ಪಡಸಾಲೆಯಲ್ಲೇ ಉಳಿಯಿತು.

"ಹಂಗಾರ ಬುತ್ತಿ ಕಟ್ಟರಿ. ಗಂಗವ್ವ ಬರೂತನಕ ಕೂಡೋಣು. ನಾ ಪೂಜಿ ಮಾಡಿದ ನೀರ ನನಗ ಬೇಕು. ಅದಕ್ಕಿಂತ ಮೊದಲಿಂದಲ್ಲ, ಅದರ ಹಿಂದಿಂದಲ್ಲ."

ಆ ಬೆಳಿಗ್ಗೆಯನ್ನು ನಾನು ಹೇಗೆ ಹೇಳಲಿ! ದೇಹೂ ರೋಡಿನ ದಂಡಿನ ಮೈದಾನದಲ್ಲಿ ಕವಾಯತು ನೋಡಲು ಹೋದ ದಿನ ಕೂಡ ನಾನು ಅಷ್ಟು ಬೇಗ ಎದ್ದಿರಲಿಲ್ಲ. ಮೆರವಣಿಗೆ ಹೊರಟಿತು. ಮುಂದೆ ಅಪ್ಪ, ಕೈಯಲ್ಲಿ ಬೀಗದ ಕೈ. ಹಿಂದೆ ಅಜ್ಜಿ, ಪೂಜೆಯ ತಟ್ಟೆ. ಅವಳ ಹಿಂದೆ ಅವ್ವ, ಸೊಂಟದ ಮೇಲೆ ಖಾಲಿ ಕೊಡ, ಕಿವಿಗೆ ಬಟ್ಟೆ. ಕೊನೆಗೆ ನಾನು, ಬುತ್ತಿಯ ಗಂಟು. ಕೂಸು ಅಜ್ಜಿಯ ಇನ್ನೊಂದು ತೋಳಿನಲ್ಲಿ. ಬೇಲಿಯ ಬಾಗಿಲು ಕಿರ್ ಎಂದು ತೆರೆಯಿತು, ದಾಸವಾಳದ ಗಿಡಗಳು ಹಿಂದೆ ಸರಿದವು, ಮತ್ತು ಆ ಸದ್ದಿಗೆ ಮೊದಲ ಬಾರಿ ಒಂದು ರೂಪ ಬಂತು. ದುಂಡನೆಯ ಕಟ್ಟೆಯೊಂದರ ನಡುವಿನಿಂದ ನೀರು ಉಕ್ಕಿ, ಸುತ್ತಲಿನ ಮೆಟ್ಟಿಲುಗಳ ಮೇಲಿಂದ ಎಲ್ಲ ದಿಕ್ಕಿಗೂ ಧುಮುಕುತ್ತಿತ್ತು. ಚಹಾದ ಬಣ್ಣದ ನೀರು. ಮುಖಕ್ಕೆ ತುಂತುರು. ಅಜ್ಜಿ ನಿಂತುಬಿಟ್ಟಳು.

"ಅಯ್ಯ, ಗೋಕಾಕದ ಧಬಧಬಿ ಮರಿ ಹಾಕೇದಲ್ಲೋ ಇಲ್ಲೆ!"

ನೀರಿಗೆ ಗಾಳಿ ಆಡಲೆಂದು ಹೀಗೆ ಬೀಳಿಸುತ್ತೇವೆ, ಎಂದು ಅಪ್ಪ ಹೇಳತೊಡಗಿದ್ದ. ಅಜ್ಜಿಗೆ ಕೇಳುವ ವ್ಯವಧಾನವಿರಲಿಲ್ಲ. ಮೆಟ್ಟಿಲಿನ ಅಂಚಿಗೆ ಕುಂಕುಮ ಹಚ್ಚಿದಳು, ಹೂ ಏರಿಸಿದಳು, ಹಸಿರು ಖಣ, ಎಲೆ ಅಡಿಕೆ, ಅಕ್ಕಿ; ಅವ್ವನ ಕೈಯಿಂದ ಒಂದು ಮುಷ್ಟಿ ಅರಿಷಿಣವನ್ನು ನೀರಿಗೆ ಬಿಡಿಸಿದಳು. ಖಣವನ್ನು ಮಾತ್ರ ಅಪ್ಪ ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡ. ಅದು ಜಾಲರಿಗೆ ಸಿಕ್ಕಿಕೊಳ್ಳುತ್ತದೆಂದು. ಅರಿಷಿಣ ನೀರಿನ ಮೇಲೆ ಹಳದಿಯಾಗಿ ಹರಡಿ, ಮೆಟ್ಟಿಲಿಳಿದು ಹೋದದ್ದು ಈಗಲೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ಇಲ್ಲಿ ನಾನು ನನ್ನನ್ನೇ ತಡೆದು ಕೇಳಬೇಕು. ಮಳೆಗಾಲದ ಕೆಂಪು ನೀರಿನಲ್ಲಿ ಒಂದು ಮುಷ್ಟಿ ಅರಿಷಿಣ ಹಳದಿಯಾಗಿ ಕಂಡೀತೆ? ಕಾಣಲು ಸಾಧ್ಯವಿಲ್ಲ. ಬಿದ್ದ ಕ್ಷಣಕ್ಕೇ ಕರಗಿ ಹೋಗಿರಬೇಕು. ಮುಂದೆ ನಡೆದದ್ದು ಗೊತ್ತಿರುವ ನಾನು ಆ ಹಳದಿಯನ್ನು ಹಿಂದಕ್ಕೆ ಹೋಗಿ ಬಳಿದಿದ್ದೇನೆ. ಆದರೂ ಕಣ್ಣು ಮುಚ್ಚಿದರೆ ಅದೇ ಹಳದಿ.

ನಾವು ನೀರಿನ ಜೊತೆಗೆ ಹೊರಟೆವು. ಕಾಲುವೆಯ ಪಕ್ಕ ನಡೆದರೆ ಮೊದಲು ಸಿಗುವುದು ಔಷಧ ಬೀಳುವ ಜಾಗ. ಅಲ್ಲಿ ಬಿಳಿ ಕಲ್ಲುಗಳನ್ನು ತೊಟ್ಟಿಯಲ್ಲಿ ಕರಗಿಸಿ, ಆ ನೀರನ್ನು ಸಣ್ಣ ಧಾರೆಯಾಗಿ ಬಿಡುತ್ತಿದ್ದರು. ಅಜ್ಜಿ ಮೂಗು ಮುಚ್ಚಲು ಸೆರಗು ಎತ್ತಿದವಳು, ಕಲ್ಲನ್ನು ನೋಡಿ ಸೆರಗು ಇಳಿಸಿದಳು.

"ಇದು ಪಟಕ ಹೌದಲ್ಲೊ!"

"ಹೌದವ್ವಾ, ಪಟಕ. ಇಲ್ಲಿಯವರು ತುರಟಿ ಅಂತಾರ."

"ಹೊಳಿಗೆ ಕೆಂಪು ನೀರು ಬಂದಾಗ ನಾವೂ ಕೊಡದಾಗ ಪಟಕ ತಿರುವಿ ಇಡತಿದ್ವಿ. ಇದನ್ನ ಔಷಧ ಔಷಧ ಅಂತ ಇಷ್ಟ ವರ್ಷ ಅಂಜಿಸಿದೀಯಲ್ಲೋ ನನ್ನ?"

"ಅಂಜಿದಾಕಿ ನೀನು. ನಾ ಎಲ್ಲೆ ಅಂಜಿಸಿದೆ?"

ಅಪ್ಪ ನಗುತ್ತಿದ್ದ. ಅವನು ಮನೆಯಲ್ಲಿ ಅಷ್ಟು ನಕ್ಕದ್ದನ್ನು ನಾನು ನೋಡಿರಲಿಲ್ಲ. ತನ್ನ ರಾಜ್ಯದೊಳಗೆ ತಾಯಿಯನ್ನು ಕರೆದುಕೊಂಡು ಹೋಗುತ್ತಿದ್ದ. ಹೆಜ್ಜೆಯಲ್ಲಿ ಕುಣಿತವಿತ್ತು, ಮಾತು ಓಡುತ್ತಿತ್ತು. ಮುಂದಿನ ತೊಟ್ಟಿಯಲ್ಲಿ ಮರದ ಹಲಗೆಗಳು ನೀರನ್ನು ನಿಧಾನವಾಗಿ ತಿರುವುತ್ತಿದ್ದವು, ಮಣ್ಣಿನ ಕಣಗಳು ಒಂದಕ್ಕೊಂದು ಅಂಟಿಕೊಂಡು ಒಡೆದ ಹಾಲಿನಂತೆ ತೇಲುತ್ತಿದ್ದವು. ಜೋರಾಗಿ ತಿರುವಿದರೆ ಕಣಗಳು ಒಡೆಯುತ್ತವೆ, ತಿರುವದಿದ್ದರೆ ಕೂಡುವುದೇ ಇಲ್ಲ, ಎಂದ. ಅದರಾಚೆ ಬಂತು ಆ ದೊಡ್ಡ ದುಂಡು ಕೊಳ. ನಮ್ಮ ಶಾಲೆಯ ಅಂಗಳಕ್ಕಿಂತ ದೊಡ್ಡದು! ಅಲ್ಲಿ ನೀರು ನಿಂತೇ ಬಿಟ್ಟಿದೆಯೇನೋ ಅನ್ನುವಷ್ಟು ಸಾವಕಾಶವಾಗಿತ್ತು. ಕಬ್ಬಿಣದ ಉದ್ದನೆಯ ಸೇತುವೆಯೊಂದು ನಡುವಿನ ಕಂಬದ ಸುತ್ತ ಗಾಣದ ಹಾಗೆ ತಿರುಗುತ್ತ, ತಳಕ್ಕೆ ಕುಳಿತ ಕೆಸರನ್ನು ಬಳಿಯುತ್ತಿತ್ತು. ಅಂಚಿನ ಹಲ್ಲುಹಲ್ಲಿನ ತಗಡಿನ ಮೇಲಿಂದ ತಿಳಿನೀರು ಮಾತ್ರ ಸಣ್ಣ ಸಣ್ಣ ಧಾರೆಯಾಗಿ ಹೊರಗೆ ಇಳಿಯುತ್ತಿತ್ತು.

"ಇಲ್ಲೆ ಗಂಗವ್ವ ಕೂಡತಾಳ," ಎಂದ ಅಪ್ಪ. "ಮಣ್ಣೆಲ್ಲಾ ತಳಕ್ಕ ಇಳಿಯೂತನಕ. ನಾವೂ ಕೂಡೋಣು."

ಕೊಳದ ಪಕ್ಕದ ಬೇವಿನ ಮರದ ಕೆಳಗೆ ಚಾಪೆ ಹಾಸಿದೆವು. ಬುತ್ತಿ ಬಿಚ್ಚಿದೆವು: ಚಪಾತಿ, ಶೇಂಗಾ ಹಿಂಡಿ, ಮೊಸರನ್ನ. ಅಜ್ಜಿ ಏನನ್ನೂ ಮುಟ್ಟಲಿಲ್ಲ. ಗಂಗಿ ಮನೆಗೆ ಬರುವವರೆಗೆ ಅವಳಿಗೆ ಉಪವಾಸ. ಸೇತುವೆಯ ಮೇಲೆ ನಿಂತು ನಿಗಾ ಇಡುತ್ತಿದ್ದ ಆಪರೇಟರ್ ಶಿಂದೆ ಮಾಮಾ ಪ್ರತಿ ಸುತ್ತಿಗೆ ನಮ್ಮೆದುರು ಬಂದಾಗ ಗಂಗೆ ಬಂದಳೇ ಎಂದು ಮೇಲಿನಿಂದ ಮರಾಠಿಯಲ್ಲಿ ಕೂಗುತ್ತಿದ್ದರು.

"ಆಜಿ, ಗಂಗಾ ಆಲೀ ಕಾ?"

"ಅಜೂನ ನಾಹೀ ರೀ! ಕೂತಾಳ, ಬಸಲಿ ಆಹೆ!" ಇನ್ನೂ ಬಂದಿಲ್ಲವೆಂದು ಅಜ್ಜಿ ತನ್ನ ಅರ್ಧ ಕನ್ನಡದ ಮರಾಠಿಯಲ್ಲಿ ಕೂಗುತ್ತಿದ್ದಳು. ಮಾಮಾ ನಗುತ್ತ ಇನ್ನೊಂದು ಸುತ್ತಿಗೆ ಹೊರಡುತ್ತಿದ್ದರು. ಯಾರ ಕೈಯ ನೀರು ಎಂದು ಇಷ್ಟು ವರ್ಷ ಮುಖ ತಿರುಗಿಸಿದ್ದಳೋ, ಅವರ ಜೊತೆಗೇ ಅಂದು ನೀರಿನ ದಾರಿ ಕಾಯುತ್ತಿದ್ದಳು. ಅವಳಿಗೆ ಅದು ಹೊಳೆಯಿತೋ ಇಲ್ಲವೋ ನನಗೆ ಗೊತ್ತಿಲ್ಲ. ಹೊಳೆಯಿತು ಎಂದು ಬರೆಯಲು ಆಸೆ. ಆಸೆ ಇದೆ ಎಂಬ ಕಾರಣಕ್ಕೇ ಅದನ್ನು ಬರೆಯುವುದಿಲ್ಲ.

ಬಿಸಿಲು ಏರಿತು. ಕೂಸು ಒಮ್ಮೆ ಅತ್ತು, ಹಾಲು ಕುಡಿದು, ಮತ್ತೆ ಮಲಗಿತು. ಅವ್ವ ದಣಿದಿದ್ದಳು. ಅಜ್ಜಿ ಕೊಳದ ಕಡೆ ಮುಖ ಮಾಡಿ ಜಪ ಮಾಡುತ್ತಿದ್ದಾಗ ಅವ್ವ ಅಪ್ಪನ ಕಡೆ ವಾಲಿ ಪಿಸುಗುಟ್ಟಿದ್ದು ನನಗೆ ಕೇಳಿತು.

"ರೀ, ಆ ಕಡೆ ನಳ ಬಿಚ್ಚಿ ಒಂದು ಕೊಡಾ ತುಂಬಿ ಕೊಟ್ಟುಬಿಡ್ರಿ. ನೀರು ನೀರ. ಅವರಿಗೇನು ಗೊತ್ತಾಗ್ತದ?"

"ನನಗ ಗೊತ್ತಾಗ್ತದಲ್ಲ," ಎಂದ ಅಪ್ಪ. "ಅದ ನೀರು ಬೇಕು ಅಂದಾಳ, ಅದ ನೀರು ಕೊಡತೇನಿ."

ಆಮೇಲೆ ಅವನು ಅಜ್ಜಿಗೂ ಒಂದು ನಿಜ ಹೇಳಿದ. ಬೆಳಗಿನ ನೀರೆಲ್ಲ ಒಟ್ಟಿಗೆ ಬರುವುದಿಲ್ಲ; ಒಂದಿಷ್ಟು ಮುಂಚೆ ಓಡಿ ಹೋಗುತ್ತದೆ, ಒಂದಿಷ್ಟು ಮೂಲೆಯಲ್ಲಿ ಸುತ್ತಿ ತಡವಾಗಿ ಬರುತ್ತದೆ, ಬೇರೆ ನೀರಿನ ಜೊತೆ ಬೆರೆತು. ಮದುವೆಮನೆಯಿಂದ ಹೊರಟ ಮಂದಿಯ ಹಾಗೆ. ಅಜ್ಜಿ ಸ್ವಲ್ಪ ಯೋಚಿಸಿದಳು.

"ಭಾಳ ಮಂದಿ ಬರೂ ಹೊತ್ತು ಯಾವುದು?"

"ಇನ್ನೊಂದು ಸ್ವಲ್ಪ ಹೊತ್ತಿಗೆ."

"ಆ ಹೊತ್ತಿಗೆ ಹಿಡಿ. ಗರ್ದಿಯೊಳಗ ನಮ್ಮವರೂ ಇರ್ತಾರ."

ಆ ಸ್ವಲ್ಪ ಹೊತ್ತು ಕಳೆಯಲು ಅಪ್ಪ ನಮ್ಮನ್ನು ಮರಳಿನ ಮನೆಗೆ ಕರೆದುಕೊಂಡು ಹೋದ. ಉದ್ದನೆಯ ತಂಪು ಕಟ್ಟಡ, ಎರಡೂ ಬದಿಗೆ ನೀರು ತುಂಬಿದ ಚೌಕ ಕೊಳಗಳು, ಪ್ರತಿಯೊಂದರ ತಳದಲ್ಲಿ ಮರಳಿನ ಹಾಸಿಗೆ, ಅದರ ಕೆಳಗೆ ಸಣ್ಣ ಹರಳು, ಅದರ ಕೆಳಗೆ ದೊಡ್ಡ ಹರಳು. ಕೊಳದಲ್ಲಿ ಕೂಡದೆ ತಪ್ಪಿಸಿಕೊಂಡು ಬಂದದ್ದೆಲ್ಲ ಇಲ್ಲಿ ಮರಳಿನೊಳಗೆ ಸಿಕ್ಕಿಬೀಳುತ್ತದೆ. ಮರಳು ಹೊಲಸಾದಾಗ ಅದನ್ನೇ ತೊಳೆಯಬೇಕು. ನಮ್ಮ ಪುಣ್ಯಕ್ಕೆ ಅದೇ ಹೊತ್ತಿಗೆ ಒಂದು ಹಾಸಿಗೆಯನ್ನು ತೊಳೆಯುವ ಸರದಿ ಬಂದಿತ್ತು. ಅಪ್ಪ ಒಂದು ಚಕ್ರ ತಿರುಗಿಸಿದ. ನೆಲದಡಿಯಿಂದ ಗುಡುಗಿನ ಸದ್ದು! ಮರಳಿನ ಕೆಳಗಿಂದ ಗಾಳಿ ನುಗ್ಗಿ, ತಿಳಿಯಾಗಿದ್ದ ಕೊಳ ಒಮ್ಮೆಲೇ ಕೊತಕೊತ ಉಕ್ಕಿ, ಕೆಂಪು ರಾಡಿ ಮೇಲೆದ್ದು, ನಡುವಿನ ಕಾಲುವೆಗೆ ಚೆಲ್ಲಿ ಹೋಗತೊಡಗಿತು. ನಾನು ಕಿರುಚಿ ಕುಣಿದೆ. ಅಜ್ಜಿ ಕಟಾಂಜನ ಹಿಡಿದು ಬಗ್ಗಿ ನೋಡಿದಳು.

"ಕುದೀಲಿಕ್ಕತ್ತದಲ್ಲೋ! ಬೆಂಕಿ ಎಲ್ಲೆ ಅದ?"

"ಬೆಂಕಿ ಇಲ್ಲವ್ವಾ, ಗಾಳಿ."

"ಬೆಂಕಿ ಇಲ್ಲದ ಕುದೀತದಂತ," ಎಂದು ಅಜ್ಜಿ ನನ್ನ ಕಡೆ ತಿರುಗಿ, ಕಣ್ಣು ಅರಳಿಸಿ ಹೇಳಿದಳು. ಆ ಮುಖವನ್ನು ನಾನು ಮರೆತಿಲ್ಲ. ನನ್ನದೇ ವಯಸ್ಸಿನ ಹುಡುಗಿಯ ಮುಖ.

ಕೊನೆಗೆ ಅಪ್ಪನ ಪ್ರಯೋಗಶಾಲೆ. ಮರಳು ದಾಟಿ, ಕ್ಲೋರಿನ್ ಬೆರೆತು, ನೆಲದಡಿಯ ದೊಡ್ಡ ತೊಟ್ಟಿಗೆ ಇಳಿದ ನೀರು ಅಲ್ಲಿಯ ಒಂದು ಸಣ್ಣ ನಳದಲ್ಲಿ ಸದಾ ಹರಿಯುತ್ತಿತ್ತು. ಅಪ್ಪ ಗಡಿಯಾರ ನೋಡಿದ, ಇನ್ನಷ್ಟು ಕಾದ, ಕೈ ತೊಳೆದ. ಕೊಡ ತುಂಬುವ ಮೊದಲು ಅವನು ದಿನಾ ಮಾಡುವುದನ್ನೇ ಮಾಡಿದ: ಗಾಜಿನ ನಳಿಗೆಯಲ್ಲಿ ಅದೇ ನೀರು ಹಿಡಿದು, ಬಾಟಲಿಯಿಂದ ಕೆಲವು ಹನಿ ಹಾಕಿ, ಬೆಳಕಿಗೆ ಎತ್ತಿದ. ಬಣ್ಣವಿಲ್ಲದ ನೀರು ನಮ್ಮ ಕಣ್ಣೆದುರೇ ತಿಳಿ ಹಳದಿಯಾಯಿತು.

"ಬಂತು!" ಅವ್ವನ ಕಡೆ ತಿರುಗಿದ ಅಜ್ಜಿಯ ಕೂಗು ಗಾಜಿನ ಬಾಟಲಿಗಳನ್ನೆಲ್ಲ ನಡುಗಿಸಿತು. "ನನ್ನ ಅರಿಷಿಣ ಬಂತು! ನೋಡ ಸುಶೀಲಾ, ನೀ ಬಿಟ್ಟ ಅರಿಷಿಣ! ಮುಂಜಾನಿದ ನೀರ ಇದು, ಅದ ನೀರು! ತುಂಬ ಕೊಡಾ, ಕೂಸಿನ ಬಾಯಿಗೆ ಈಗ ಹಾಕೋಣು!"

ಅವಳು ಎರಡೂ ಕೈ ಎತ್ತಿ ಆ ನಳಿಗೆಗೆ ನಮಸ್ಕಾರ ಮಾಡಿದಳು. ನಾನು ಚಪ್ಪಾಳೆ ತಟ್ಟಿದೆ. ಎಲ್ಲ ಮುಗಿದಿತ್ತು: ಕೂಸಿಗೆ ಶುದ್ಧವಾದ ನೀರೇ ಸಿಗುತ್ತಿತ್ತು, ಅಜ್ಜಿ ಉಳಿಯುತ್ತಿದ್ದಳು, ಅವ್ವ ಅಡುಗೆಮನೆಗೆ ಹೋಗುತ್ತಿದ್ದಳು. ಅಪ್ಪ ಸುಮ್ಮನಿದ್ದರೆ ಸಾಕಾಗಿತ್ತು. ಅವ್ವ ಅತ್ತೆಯ ಬೆನ್ನ ಹಿಂದಿನಿಂದ ಅಪ್ಪನಿಗೆ ಕಣ್ಣಲ್ಲೇ, ಬೇಡ ಎಂದಳು.

"ಅವ್ವಾ," ಎಂದ ಅಪ್ಪ, "ಅದು ನಿನ್ನ ಅರಿಷಿಣ ಅಲ್ಲ."

"ಮತ್ತೇನು?"

"ಕ್ಲೋರಿನ್ ಅಂತ ಔಷಧ ಹಾಕಿರತೇವಿ, ರೋಗದ ಹುಳಾ ಸಾಯಲಿ ಅಂತ. ಅದು ನೀರಿನಾಗ ಇನ್ನೂ ಉಳದದೋ ಇಲ್ಲೋ ನೋಡಲಿಕ್ಕೆ ಈ ಹನಿ. ಉಳದಿದ್ರ ಹಳದಿ ಆಗ್ತದ. ದಿನಾ ಆಗ್ತದ."

"ಹಂಗಾರ ನನ್ನ ಅರಿಷಿಣ ಎಲ್ಲೆ?"

"ಕೆಳಗ ಕೆಸರಿನಾಗ ಕೂತದ. ಉಳದದ್ದು ಮರಳಿನಾಗ ಸಿಕ್ಕದ. ಇಲ್ಲೀತನಕ ಬಂದಿಲ್ಲ. ಬರಲಿಕ್ಕೆ ಬಿಡೂದಿಲ್ಲ ನಾವು."

ಅಪ್ಪ ಕೊಡ ತುಂಬಿದ. ಅವ್ವ ಅದನ್ನು ಸೊಂಟಕ್ಕೆ ಏರಿಸಿಕೊಂಡಳು. ನಾವು ಮನೆಯ ಕಡೆ ನಡೆದೆವು. ಬೆಳಿಗ್ಗೆಯ ಅದೇ ಸಾಲು, ಆದರೆ ಒಂದು ಮಾತಿಲ್ಲ. ಸೇತುವೆಯ ಮೇಲಿನಿಂದ ಶಿಂದೆ ಮಾಮಾ, "ಆಜಿ, ಆಲೀ ಕಾ?" ಎಂದು ಕೂಗಿದಾಗ ಅಜ್ಜಿ ತಲೆಯೆತ್ತಲಿಲ್ಲ. ಅಪ್ಪ ಯಾಕೆ ಹೇಳಿದ, ಯಾಕೆ ಹೇಳಿದ ಎಂದು ಬುತ್ತಿಯ ಖಾಲಿ ಗಂಟನ್ನು ಹಿಂಡುತ್ತ ನಡೆದೆ.

ಅವ್ವ ಈಗ ಉಷಾಳ ಜೊತೆ ಪುಣೆಯ ವಿಮಾನ ನಗರದಲ್ಲಿದ್ದಾಳೆ. ಇದನ್ನು ಬರೆಯುವ ಮೊದಲು ಅವಳನ್ನು ಕೇಳಿದೆ. ಅರಿಷಿಣದ ಮಾತು ನಡೆದದ್ದು ಪ್ರಯೋಗಶಾಲೆಯಲ್ಲಲ್ಲ, ಮನೆಗೆ ಬಂದ ಮೇಲೆ ಪಡಸಾಲೆಯಲ್ಲಿ ಎನ್ನುತ್ತಾಳೆ ಅವಳು. ದಾರಿಯುದ್ದಕ್ಕೂ ಸುಮ್ಮನೆ ಬಂದವನು ಅಪ್ಪನಂತೆ, ಅಜ್ಜಿಯಲ್ಲವಂತೆ. ಹಾಗಿದ್ದರೆ ನನ್ನ ಆ ಮೌನದ ನಡಿಗೆ ಅಜ್ಜಿಯದಲ್ಲ, ಹೇಳಲೋ ಬೇಡವೋ ಎಂದು ತೂಗುತ್ತಿದ್ದ ಅಪ್ಪನದು. ನನಗೆ ತಕ್ಷಣ ಹೇಳಿದ ಅಪ್ಪ ಬೇಕು, ಆದ್ದರಿಂದಲೇ ನನ್ನ ನೆನಪಿನ ಮೇಲೆ ಅನುಮಾನ. ಎಲ್ಲಿ ಎಂಬುದು ತೀರ್ಮಾನವಾಗಿಲ್ಲ. ಹೇಳಿದ ಎಂಬುದು, ಮತ್ತು ಕೂಸಿನ ಬಾಯಿಗೆ ಹನಿ ಬೀಳುವ ಮೊದಲೇ ಹೇಳಿದ ಎಂಬುದು ಇಬ್ಬರ ನೆನಪಿನಲ್ಲೂ ಒಂದೇ. ಮುಂದೆ ಅಜ್ಜಿ ಆಡಿದ ಮಾತೂ ಒಂದೇ.

ಕೊಡ ದೇವರ ಮುಂದೆ ಕುಳಿತಿತ್ತು. ಪಡಸಾಲೆಯಲ್ಲಿ ಹಸಿರು ಟ್ರಂಕು. ಅಜ್ಜಿ ಇವೆರಡರ ನಡುವೆ ನಿಂತು ಅಪ್ಪನನ್ನು ಕರೆದಳು.

"ವಸಂತಾ, ಇಲ್ಲಿ ಬಾ. ನಾ ಬಿಡಿಸಿದ ಅರಿಷಿಣಾನೂ ತಡದಿ?"

"ತಡದೇನವ್ವಾ."

"ನಿನ್ನ ಹಡದ ತಾಯಿ ಭಕ್ತಿಲೆ ಹಾಕಿಸಿದ್ದು?"

"ಯಾರ ಹಾಕಿದ್ರೂ ತಡೀತೇನಿ. ಅದ ನನ್ನ ಕೆಲಸ."

ಅಜ್ಜಿ ಅವನ ಮುಖ ನೋಡಿದಳು. ಆಮೇಲೆ ಅವ್ವನ ಕಡೆ ತಿರುಗಿದಳು.

"ತಾಯಿ ಹಾಕಿದ್ದನ್ನ ಬಿಡಲಿಲ್ಲ ಅಂದಮ್ಯಾಲ, ಊರ ಹೊಲಸು ಏನು ಬಿಟ್ಟಾನು. ಕೂಸನ್ನ ತಾ."

ಪದ್ಧತಿ ಮೀರಿ, ಮೊದಲು ತಾನೇ ತಂಬಿಗೆಯಲ್ಲಿ ತುಂಬಿಕೊಂಡು, ಎತ್ತಿ, ಗಟಗಟ ಕುಡಿದಳು. ಬೆಳಿಗ್ಗೆಯಿಂದ ಒಂದು ಗುಟುಕೂ ಕುಡಿದಿರಲಿಲ್ಲವಲ್ಲ. ಅಪ್ಪ ಗೋಡೆಗೆ ಒರಗಿ ನಿಂತು ಅವಳ ಗಂಟಲನ್ನೇ ನೋಡುತ್ತಿದ್ದ. ತಂಬಿಗೆ ಇಳಿಸಿ, ಬಾಯಿ ಒರೆಸಿಕೊಂಡು, "ಔಷಧದ ವಾಸನಿ ಹೊಡೀತದ," ಎಂದಳು. "ಇರಲಿ, ರೂಢಿ ಆಗ್ತದ." ಮತ್ತೆ ಎರಡು ಬೆರಳು ಅದ್ದಿ ಉಷಾಳ ನಾಲಗೆಗೆ ಮುಟ್ಟಿಸಿದಳು. ಉಷಾ ಮುಖ ಕಿವುಚಿ, ಆಮೇಲೆ ಚಪ್ಪರಿಸಿದಳು. ಅಂದು ಸಂಜೆ ಟ್ರಂಕಿನ ಸೀರೆಗಳನ್ನು ಹೊರಗೆ ತೆಗೆಯಲು ಅಜ್ಜಿ ನನ್ನನ್ನು ತಡೆಯಲಿಲ್ಲ. ಮರುದಿನ ಬೆಳಿಗ್ಗೆ ಅಡುಗೆಮನೆಯ ನಳಕ್ಕೆ ಹುಣಸೆಹಣ್ಣು ತಿಕ್ಕಿದ್ದರಿಂದ ಅದು ಫಳಫಳ ಹೊಳೆಯುತ್ತಿತ್ತು, ಅದರ ಹಣೆಗೆ ಕುಂಕುಮವಿತ್ತು.

ಮೊನ್ನೆ ಉಷಾಳ ಮಗಳ ಬಾಣಂತನ ಮುಗಿಯಿತು. ಗಂಗಿ ಪೂಜೆಯನ್ನು ಅವರ ಫ್ಲಾಟಿನ ಅಡುಗೆಮನೆಯ ನಳಕ್ಕೇ ಮಾಡಿದೆವು, ಯಾರೂ ಅದಕ್ಕೆ ಬೇರೆ ದಾರಿ ಹುಡುಕಲಿಲ್ಲ. ಕೂಸಿನ ನಾಲಗೆಗೆ ನೀರು ಮುಟ್ಟಿಸುವಾಗ ಉಷಾ, "ಅಕ್ಕಾ, ನನಗ ಅವತ್ತಿನ ನೀರಿನ ರುಚಿ ಇನ್ನೂ ನೆನಪದ ನೋಡು," ಎಂದಳು. ಅವ್ವ ಮತ್ತು ನಾನು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಎಳೆಗೂಸಿಗೆ ನೀರಿನ ರುಚಿ ನೆನಪಿರಲು ಸಾಧ್ಯವಿಲ್ಲ. ಕೇಳಿ ಕೇಳಿ ಅದು ಅವಳ ನಾಲಗೆಗೆ ಇಳಿದಿದೆ. ಅಪ್ಪ ಇದ್ದಿದ್ದರೆ ಅಲ್ಲೇ ಹೇಳಿಬಿಡುತ್ತಿದ್ದ. ನಾನು ಬಾಯಿ ತೆರೆದೆ, ಆಮೇಲೆ ಕೇಳಿದೆ:

"ಹೆಂಗಿತ್ತ?"

"ಔಷಧದ ವಾಸನಿ," ಎಂದಳು ಉಷಾ. "ಆದ್ರ ಭಾಳ ತಂಪು."